ಸಂಘದ ಮೇಲಿನ ಹಾಲ್ ಪಿಜಿಗೆ ಕೊಡುವುದಾ, ಏರಿಯಾದವರಿಗೆಲ್ಲ ತೆರೆಯುವುದಾ? ಇಂಥದ್ದು ನಡೆಸಿದವರು ಯಾರಾದರೂ ಇದ್ದೀರಾ?

ಹೊಂಗಸಂದ್ರದವನು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ಬೈಕೊಳ್ಳದೆ ಓದಿ.

ನಮ್ಮದು ಬೊಮ್ಮನಹಳ್ಳಿ ಹತ್ತಿರದ ಹೊಂಗಸಂದ್ರ. ರೆವಿನ್ಯೂ ಲೇಔಟು, ಅಂದರೆ ಹೊಲವನ್ನೇ ಸೈಟು ಮಾಡಿ ಮಾರಿದ್ದು. ತೊಂಬತ್ತರ ದಶಕದಲ್ಲಿ ಇಲ್ಲಿ ಸೈಟು ತೆಗೆದುಕೊಂಡವರೆಲ್ಲ ಸೇರಿ ಸಂಘ ಕಟ್ಟಿ, ಕೈಯಿಂದ ಹಣ ಹಾಕಿ, ಒಂದು ಮೂವತ್ತು ನಲವತ್ತರ ಸೈಟನ್ನು ಸಂಘಕ್ಕೆ ಅಂತ ಉಳಿಸಿಕೊಂಡರು. ನಮ್ಮಪ್ಪನೂ ಅವರಲ್ಲಿ ಒಬ್ಬರು. ಆಮೇಲೆ ನಿಧಾನವಾಗಿ ಕಟ್ಟಡ ಎದ್ದಿತು. ಕೆಳಗೆ ಆಫೀಸು, ಒಂದು ಕೇರಂ ಬೋರ್ಡು, ಎರಡು ಬೀರು, ಗಣೇಶನ ಹಬ್ಬದ ಸಾಮಾನು. ಮೇಲೆ ಒಂದೇ ಹಾಲ್, ಸುಮಾರು 700 ಚದರಡಿ. ಆ ಹಾಲಿನ ಬೀಗ ತೆಗೆಯುವುದು ವರ್ಷಕ್ಕೆ ಮೂರು ಸಲ: ರಾಜ್ಯೋತ್ಸವ, ಗಣೇಶನ ಹಬ್ಬ, ಸರ್ವಸದಸ್ಯರ ಸಭೆ. ಸಭೆಗೆ ಬರುವವರು ಹದಿನೈದು ಜನ, ಅದರಲ್ಲಿ ಬೋಂಡಾ ಕಾಫಿಗೆ ಬರುವವರು ಎಷ್ಟು ಅಂತ ಕೇಳಬೇಡಿ.

2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೋ ಶುರುವಾಯಿತಲ್ಲ, ನಮಗೇ ಒಂದು ಸ್ಟೇಷನ್ ಬಂತು. ಅದಾದ ಮೇಲೆ ನಮ್ಮ ಬೀದಿ ಗುರುತು ಸಿಗುತ್ತಿಲ್ಲ. ಶೀಟಿನ ಮನೆ ಸಾಲುಗಳನ್ನು ಒಡೆದು ಐದು ಮಹಡಿ ಪಿಜಿ ಎಬ್ಬಿಸುತ್ತಿದ್ದಾರೆ. ಗಾರ್ಮೆಂಟ್ಸ್‌ಗೆ ಹೋಗುವವರು, ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದವರು, ಒಡಿಶಾ ಬಿಹಾರದ ಹುಡುಗರು, ಈಗ ಲ್ಯಾಪ್‌ಟಾಪ್ ಬ್ಯಾಗಿನವರು, ಎಲ್ಲರೂ ಇಲ್ಲೇ ಇದ್ದಾರೆ, ಆದರೆ ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ. ನಮ್ಮ ಬೀದಿಯಲ್ಲೇ ಸ್ವಂತ ಮನೆಯವರಿಗಿಂತ ಬಾಡಿಗೆಯವರು ಜಾಸ್ತಿ. ಪಾರ್ಕ್ ಇಲ್ಲ, ಮೈದಾನ ಇಲ್ಲ. ಮಕ್ಕಳು ಆಡುವುದು ಪಾರ್ಕ್ ಮಾಡಿದ ಕಾರುಗಳ ಸಂದಿಯಲ್ಲಿ. ವಯಸ್ಸಾದವರು ಕೂರುವುದು ಬೇಕರಿ ಮುಂದಿನ ಕಟ್ಟೆ ಮೇಲೆ, ಅದೂ ಬೇಕರಿಯವನಿಗೆ ಮೂಡ್ ಚೆನ್ನಾಗಿದ್ದರೆ.

ಈಗ ಒಬ್ಬ ಪಿಜಿಯವರು ಬಂದು ಮೇಲಿನ ಹಾಲ್ ಕೇಳಿದ್ದಾರೆ. ಪಾರ್ಟಿಷನ್ ಹಾಕಿಕೊಳ್ಳುತ್ತಾರಂತೆ. ತಿಂಗಳಿಗೆ 45,000, ಹತ್ತು ತಿಂಗಳ ಅಡ್ವಾನ್ಸ್. ಕಮಿಟಿಯಲ್ಲಿ ಅರ್ಧ ಜನ ಕುಣಿಯುತ್ತಿದ್ದಾರೆ. ನಾವು ನಾಲ್ಕೈದು ಜನ ಬೇಡ ಅಂತಿದ್ದೇವೆ. ಓದುವ ಜಾಗ, ಮಕ್ಕಳಿಗೆ ಟ್ಯೂಷನ್, ಸಣ್ಣ ನಾಮಕರಣ ಬರ್ತ್‌ಡೇ, ಹೆಂಗಸರು ಬಂದು ಕೂರುವುದು, ಎಲ್ಲಕ್ಕೂ ಆಗುವ ಜಾಗ ಮಾಡೋಣ ಅಂತ ನಮ್ಮ ಆಸೆ. "ಖರ್ಚು ಯಾರಪ್ಪ ಕೊಡ್ತಾನೆ" ಅಂತ ಕೇಳಿದರು. ಲೆಕ್ಕ ಹಾಕಿದೆ. ಕರೆಂಟು 2,500, ನೀರು 1,000, ಗುಡಿಸಿ ಟಾಯ್ಲೆಟ್ ತೊಳೆಯುವವರಿಗೆ 5,000, ಇಂಟರ್‌ನೆಟ್ 800, ತೆರಿಗೆ ತಿಂಗಳಿಗೆ ಹಂಚಿದರೆ 1,200, ರಿಪೇರಿಗೆ 1,500. ಒಟ್ಟು 12,000. ಬರುವವರ ಹತ್ತಿರ ದುಡ್ಡು ವಸೂಲಿ ಮಾಡಿದರೆ ಬರಬೇಕಾದವರೇ ಬರುವುದಿಲ್ಲ. ಮಾಡದಿದ್ದರೆ ನಡೆಯುವುದಿಲ್ಲ. ಮುಂದಿನ ತಿಂಗಳು ಸಭೆ ಇದೆ. ಏನು ಹೇಳಲಿ?

ಖಾರಾಬಾತ್

ಬೇಜಾರು ಮಾಡಿಕೊಳ್ಳಬೇಡಿ, ನಾನು ಪಿಜಿ ಕಡೆ. ವರ್ಷಕ್ಕೆ 5 ಲಕ್ಷ 40 ಸಾವಿರ ಬಿಡುತ್ತೀರಾ? ಆ ದುಡ್ಡಲ್ಲಿ ಪಕ್ಕದ ಬೀದಿಯಲ್ಲಿ ಒಂದು ಮಳಿಗೆ ಬಾಡಿಗೆಗೆ ತೆಗೆದುಕೊಂಡು ಮಕ್ಕಳಿಗೆ ಟ್ಯೂಷನ್ ನಡೆಸಿ, ಮೇಷ್ಟರಿಗೆ ಸಂಬಳವನ್ನೂ ಕೊಡಬಹುದು. ನಮ್ಮ ಲೇಔಟಿನಲ್ಲೂ "ಎಲ್ಲರಿಗೂ" ಅಂತ ಜಿಮ್ ಇಟ್ಟರು. ಆರು ತಿಂಗಳಲ್ಲಿ ಡಂಬಲ್ಸ್ ಎಲ್ಲ ಯಾರ ಯಾರ ಮನೆ ಸೇರಿದವೋ ದೇವರಿಗೇ ಗೊತ್ತು. ಎಲ್ಲರಿಗೂ ಸೇರಿದ್ದು ಅಂದರೆ ಯಾರಿಗೂ ಸೇರಿಲ್ಲ ಅಂತ ಅರ್ಥ ಸ್ವಾಮಿ.

ಕಡತಪ್ರಿಯ

ಪಿಜಿನಾ ಹಾಲಾ ಅನ್ನುವುದು ಆಮೇಲೆ. ಮೊದಲು ಹೋಗಿ ಕ್ರಯಪತ್ರ ತೆಗೆದು ನೋಡಿ. ಸೈಟು ಸಂಘದ ಹೆಸರಿನಲ್ಲಿ ಇದೆಯೋ, ಆಗಿನ ಅಧ್ಯಕ್ಷರ ಸ್ವಂತ ಹೆಸರಿನಲ್ಲಿ ಇದೆಯೋ? ನಗಬೇಡಿ. ಹಳೇ ರೆವಿನ್ಯೂ ಲೇಔಟುಗಳಲ್ಲಿ ಇದು ಬಹಳ ಕಡೆ ಆಗಿದೆ. ಅಧ್ಯಕ್ಷರು ಹೋಗುತ್ತಾರೆ, ಮಕ್ಕಳು ಬಂದು ಭಾಗ ಕೇಳುತ್ತಾರೆ.

ಎರಡನೆಯದು, ಸಂಘ ಇನ್ನೂ ಜೀವಂತ ಇದೆಯಾ? 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು, ಅದು ಸುಲಭ. ಆದರೆ ಪ್ರತಿ ವರ್ಷ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ರಿಜಿಸ್ಟ್ರಾರ್ ಆಫೀಸಿಗೆ ಸಲ್ಲಿಸಬೇಕು. ಇದನ್ನು ಹತ್ತು ವರ್ಷ ಬಿಟ್ಟ ಸಂಘಗಳು ಬೇಕಾದಷ್ಟಿವೆ. ಲೆಕ್ಕ ಸರಿ ಇಲ್ಲದೆ 45,000 ಬಾಡಿಗೆ ಬರಲು ಶುರುವಾದರೆ ಜಗಳ ಗ್ಯಾರಂಟಿ.

ಮೂರನೆಯದು ಬೈಲಾ, ಅಂದರೆ ಸಂಘದ ನಿಯಮಾವಳಿ. ಅದರಲ್ಲಿ ಸದಸ್ಯತ್ವದ ಕಲಮು ಓದಿ. "ಬಡಾವಣೆಯಲ್ಲಿ ಸ್ವಂತ ನಿವೇಶನ ಹೊಂದಿರುವವರು" ಅಂತ ಇರುತ್ತದೆ ನೋಡಿ, ಬೆಟ್ ಕಟ್ಟುತ್ತೇನೆ. ಅಂದರೆ ನಿಮ್ಮ ಬೀದಿಯ ಮುಕ್ಕಾಲು ಪಾಲು ಜನಕ್ಕೆ ಆ ಕಟ್ಟಡದಲ್ಲಿ ಮಾತೇ ಇಲ್ಲ. ಆ ಒಂದು ಸಾಲು ತಿದ್ದದೆ ಎಲ್ಲರಿಗೂ ಬಾಗಿಲು ತೆರೆದಿದೆ ಅಂದರೆ, ಅದು ನೀವು ಮಾಡುವ ಉಪಕಾರ ಆಗುತ್ತದೆ ಅಷ್ಟೇ. ಮುಂದಿನ ಕಮಿಟಿ ಬಂದು ಮುಚ್ಚಬಹುದು.

ನಿಮಗೆ ಪಾರ್ಕ್ ಯಾಕಿಲ್ಲ ಅನ್ನುವುದಕ್ಕೂ ಕಾರಣ ಇದೆ. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಲೇಔಟು ಆಗಿದ್ದರೆ 1976ರ ಕಾಯ್ದೆ ಪ್ರಕಾರ ಕನಿಷ್ಠ 15% ಜಾಗ ಪಾರ್ಕು ಮೈದಾನಕ್ಕೆ, ಅದರ ಮೇಲೆ ಇನ್ನೂ 10% ಸಿಎ ಸೈಟುಗಳಿಗೆ, ಅಂದರೆ ನಾಗರಿಕ ಸೌಲಭ್ಯದ ಸೈಟುಗಳಿಗೆ, ಬಿಡಲೇಬೇಕು. ರೆವಿನ್ಯೂ ಲೇಔಟಿನಲ್ಲಿ ಹೊಲವನ್ನು ಗೆರೆ ಎಳೆದು ಮಾರಿಬಿಟ್ಟರು. ರಸ್ತೆಗೇ ಜಾಗ ಸರಿಯಾಗಿ ಬಿಡಲಿಲ್ಲ, ಇನ್ನು ಪಾರ್ಕಿಗೆ ಎಲ್ಲಿಂದ? ಆದ್ದರಿಂದ ನಿಮ್ಮ ಆ ಮೂವತ್ತು ನಲವತ್ತು ಇಡೀ ಏರಿಯಾದ ಸಿಎ ಸೈಟು ಇದ್ದ ಹಾಗೆ. ಒಮ್ಮೆ ಕೈ ಬಿಟ್ಟರೆ ಇವತ್ತಿನ ರೇಟಿನಲ್ಲಿ ಇನ್ನೊಂದು ಸಿಗುವುದಿಲ್ಲ.

ಹೊಂಗಸಂದ್ರದವನು

@ಕಡತಪ್ರಿಯ ಸರ್, ಬೆಟ್ ಗೆದ್ದಿರಿ. ಕ್ರಯಪತ್ರ ಸಂಘದ ಹೆಸರಿನಲ್ಲೇ ಇದೆ, ಸದ್ಯ. ಆದರೆ ಬೈಲಾದಲ್ಲಿ ಅಕ್ಷರ ಅಕ್ಷರ ನೀವು ಬರೆದ ಸಾಲೇ ಇದೆ. ಲೆಕ್ಕಪತ್ರ ನಾಲ್ಕು ವರ್ಷದಿಂದ ಸಲ್ಲಿಸಿಲ್ಲ ಅಂತ ಇವತ್ತು ಗೊತ್ತಾಯಿತು. ಕಾರ್ಯದರ್ಶಿಯವರು "ಆಡಿಟರ್ ಊರಲ್ಲಿಲ್ಲ" ಅಂದರು. ನಾಲ್ಕು ವರ್ಷದಿಂದ!

ಟೈಲರ್ ಅಕ್ಕ

ನಾನು ಬೇಗೂರು ರಸ್ತೆ ಕಡೆ ಇರುವುದು. ಹದಿನಾಲ್ಕು ವರ್ಷ ಗಾರ್ಮೆಂಟ್ಸ್‌ನಲ್ಲಿ ಮಾಡಿದ್ದೇನೆ, ಈಗ ಮನೆಯಲ್ಲೇ ಮೆಷಿನ್ ಇಟ್ಟುಕೊಂಡಿದ್ದೇನೆ. ಮಗಳು ಈ ಪೋಸ್ಟ್ ತೋರಿಸಿದಳು.

ಅಣ್ಣ, ನೀವು ಒಳ್ಳೆ ಮನಸ್ಸಿನಿಂದ ಕೇಳಿದ್ದೀರಿ. ಆದರೆ ನಮ್ಮಂಥವರಿಗೆ ಏನು ಬೇಕು ಅಂತ ನಮ್ಮನ್ನು ಯಾರಾದರೂ ಕೇಳಿದಿರಾ? ಓದುವ ಜಾಗ ಅಂತೀರಿ. ನಮಗೆ ಬೇಕಾಗಿರುವುದು ಸಂಜೆ 4ರಿಂದ 7. ಶಾಲೆ 4ಕ್ಕೆ ಬಿಡುತ್ತದೆ, ಫ್ಯಾಕ್ಟರಿ ಬಿಟ್ಟು ಹೆಂಗಸರು ಮನೆ ಸೇರುವುದು ಆರೂವರೆ ಆಗುತ್ತದೆ. ಚಿಕ್ಕ ಮಕ್ಕಳಿಗೆ ಫ್ಯಾಕ್ಟರಿಯಲ್ಲಿ ಕ್ರೆಶ್ ಇರಬೇಕು ಅಂತ ಕಾನೂನು ಇದೆ, ಅದೂ ಆರು ವರ್ಷದ ಒಳಗಿನವರಿಗೆ ಮಾತ್ರ. ಏಳು ವರ್ಷದ ಹುಡುಗಿ ಎಲ್ಲಿ ಇರಬೇಕು? ಕೊರಳಿಗೆ ಬೀಗದ ಕೈ ಕಟ್ಟಿಕೊಂಡು ಬಾಗಿಲು ತೆಗೆದು ಒಳಗಡೆ ಚಿಲಕ ಹಾಕಿಕೊಂಡು ಕೂರುತ್ತವೆ. ನಾನು ಮೆಷಿನ್ ಮುಂದೆ ಕೂತಿದ್ದರೂ ನನ್ನ ತಲೆ 4 ಗಂಟೆಗೆ ಮನೆಗೆ ಹೋಗಿಬಿಡುತ್ತಿತ್ತು. ನಿಮ್ಮ ಹಾಲ್ ಬೆಳಗ್ಗೆ 10ರಿಂದ 5ರ ತನಕ ತೆರೆದು "ಯಾರೂ ಬರಲಿಲ್ಲ" ಅಂತ ಹೇಳಬೇಡಿ.

ಭಾನುವಾರವೂ ಬೇಕು. ಇರುವುದು ಅದೊಂದೇ ರಜೆ. ಶಕ್ತಿ ಯೋಜನೆ ಬಂದ ಮೇಲೆ ಬಸ್ಸು ಫ್ರೀ, ನಿಜ, ಆದರೆ ಲಾಲ್‌ಬಾಗ್ ಒಳಗೆ ಹೋಗಲು ಟಿಕೆಟ್. ಕಬ್ಬನ್ ಪಾರ್ಕು ಪುಕ್ಕಟೆ, ಅಲ್ಲಿಗೆ ಹೋಗಿ ಬರುವುದರಲ್ಲೇ ಅರ್ಧ ದಿನ ಹೋಗುತ್ತದೆ. ಬಟ್ಟೆ ಒಗೆಯುವುದು ಯಾರು?

ಒಂದು ಮಾತು ಹೇಳುತ್ತೇನೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡು ತೆಗೆಯಲು ಬಿಡುವುದಿಲ್ಲ ಅಂತ ಹೊಸ ರೂಲ್ಸ್ ಬಂದಾಗ ನಾವೆಲ್ಲ ಹೊಸೂರು ರಸ್ತೆಗೆ ಇಳಿದೆವು. ಬೆಂಗಳೂರೇ ನಿಂತುಹೋಯಿತು, ಸರ್ಕಾರ ಆ ರೂಲ್ಸ್ ವಾಪಸ್ ತೆಗೆದುಕೊಂಡಿತು. ಟಿವಿಯವರು "ಯಾರು ಇವರನ್ನು ಸೇರಿಸಿದರು" ಅಂತ ಕೇಳುತ್ತಿದ್ದರು. ಯಾರೂ ಸೇರಿಸಲಿಲ್ಲ. ಕೂತು ಮಾತಾಡಲು ನಮಗೆ ಒಂದು ಕೋಣೆ ಇರಲಿಲ್ಲ, ಹಾಗಾಗಿ ರಸ್ತೆಯಲ್ಲೇ ಮಾತಾಡಿದೆವು.

ಆಮೇಲೆ ಟಾಯ್ಲೆಟ್. ಚಿಲಕ ಇರಬೇಕು, ಲೈಟ್ ಇರಬೇಕು, ನೀರು ಇರಬೇಕು. ನಿಮ್ಮ ಕಟ್ಟಡದಲ್ಲಿ ಟಾಯ್ಲೆಟ್ ಎಲ್ಲಿದೆ? ಕೇರಂ ಆಡುವವರ ಮುಂದೆ ಹಾದು ಹೋಗಬೇಕಾದರೆ ಯಾವ ಹೆಣ್ಣುಮಗಳೂ ಎರಡನೇ ಸಲ ಬರುವುದಿಲ್ಲ.

ಎರಡು ಚಕ್ರ

ಟೈಲರ್ ಅಕ್ಕನ ಮಾತಿಗೆ ಒಂದು ಸೇರಿಸುತ್ತೇನೆ. ಹಾಲ್ ಮೊದಲನೇ ಮಹಡಿಯಲ್ಲಿ ಅಂದಿರಿ. ಎಲ್ಲರಿಗೂ ಅನ್ನುವ ಪದ ಅಲ್ಲಿಗೇ ಮುಗಿಯಿತು. ನಾನು ಗಾಲಿಕುರ್ಚಿ ಬಳಸುವವನು. ನನ್ನ ಅಮ್ಮನಿಗೆ ಮಂಡಿ ನೋವು. ನಾವಿಬ್ಬರೂ ಕೆಳಗೆ ನಿಂತು ಮೇಲೆ ನಡೆಯುವ ಹಾಡು ಕೇಳಿಕೊಂಡಿರಬೇಕಾ?

ಲಿಫ್ಟ್ ಹಾಕಿ ಅಂತ ಹೇಳುತ್ತಿಲ್ಲ, ಅಷ್ಟು ದುಡ್ಡು ಎಲ್ಲಿದೆ. ಅದಲು ಬದಲು ಮಾಡಿ ಸಾಕು. ಆಫೀಸು, ಬೀರು, ಗಣೇಶನ ಸಾಮಾನು ಮೇಲಕ್ಕೆ. ಹಾಲ್ ಕೆಳಕ್ಕೆ. ಕಮಿಟಿಯವರು ತಿಂಗಳಿಗೆ ಒಂದು ಸಲ ಮೆಟ್ಟಿಲು ಹತ್ತಲಿ.

ರ‍್ಯಾಂಪ್ ಮಾಡುವಾಗ ಮೇಸ್ತ್ರಿ ಮಾತು ಕೇಳಬೇಡಿ. ಅವರು ಸ್ಕೂಟರ್ ಹತ್ತಿಸುವ ಇಳಿಜಾರು ಮಾಡಿಬಿಡುತ್ತಾರೆ, ಅದರಲ್ಲಿ ನಾನು ಹಿಂದಕ್ಕೆ ಮಗುಚಿ ಬೀಳುತ್ತೇನೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ನಿಮ್ಮ ಪಾಯ ರಸ್ತೆಯಿಂದ ಎರಡು ಅಡಿ ಎತ್ತರ ಇದ್ದರೆ 24 ಅಡಿ. ಮುಂದೆ ಅಷ್ಟು ಜಾಗ ಇಲ್ಲದಿದ್ದರೆ ಪಕ್ಕದಲ್ಲಿ ಖಾಲಿ ಬಿಟ್ಟ ಜಾಗದಲ್ಲಿ (ಸೆಟ್‌ಬ್ಯಾಕ್) ತಿರುಗಿಸಿಕೊಂಡು ಬನ್ನಿ. ಟಾಯ್ಲೆಟ್ ಬಾಗಿಲು ಮೂರು ಅಡಿ ಅಗಲ, ಹೊರಗಡೆಗೆ ತೆರೆಯುವ ಹಾಗೆ. ಕೈ ಹಿಡಿದುಕೊಳ್ಳಲು ಗೋಡೆಗೆ ಒಂದು ಪೈಪು. ಇವಿಷ್ಟು ಮಾಡಿ.

ಗಾಂಧಿಬಜಾರ್ ತಾತ

ನಾನು ಬಸವನಗುಡಿಯಲ್ಲಿ ಹುಟ್ಟಿ ಬೆಳೆದವನು. ನಮ್ಮದೂ ಒಂದು ಕಾಲಕ್ಕೆ ಹೊಸ ಬಡಾವಣೆಯೇ. 1898ರ ಪ್ಲೇಗಿಗೆ ಹೆದರಿ ಪೇಟೆಯಿಂದ ಜನ ಬಂದು ನೆಲೆಸಿದ್ದು. ಈಗ ಹಳೇ ಬೆಂಗಳೂರು ಅಂತ ನೀವೆಲ್ಲ ಫೋಟೋ ತೆಗೆಯುತ್ತೀರಿ.

ನಮ್ಮ ಬೀದಿಯಲ್ಲೂ ಒಂದು ವಾಚನಾಲಯ ಇತ್ತು. ಹೆಸರು ಬೇಡ. ನಾನು ಹೈಸ್ಕೂಲಿನಲ್ಲಿದ್ದಾಗ ಸಂಜೆ ಜಾಗ ಸಿಗುತ್ತಿರಲಿಲ್ಲ. ಆರು ದಿನಪತ್ರಿಕೆ, ವಾರಪತ್ರಿಕೆಗೆ ಪಾಳಿ. ಅದು ಹೇಗೆ ಸತ್ತಿತು ಹೇಳುತ್ತೇನೆ ಕೇಳಿ. ಮೊದಲು ಚಪ್ಪಲಿ ಕಳ್ಳತನ ಆಯಿತು ಅಂತ ಸದಸ್ಯರಿಗೆ ಮಾತ್ರ ಪ್ರವೇಶ ಅಂದರು. ಆಮೇಲೆ ಶಬ್ದ ಆಗುತ್ತದೆ ಅಂತ ಮಕ್ಕಳಿಗೆ ಬೇಡ ಅಂದರು. ಆಮೇಲೆ ಬೀಗದ ಕೈ ಒಬ್ಬರ ಮನೆಯಲ್ಲೇ ಉಳಿಯಿತು. ಅವರು ಮಗನ ಮನೆಗೆ ಹೋದರೆ ಎರಡು ತಿಂಗಳು ಬಾಗಿಲು ತೆರೆಯುತ್ತಿರಲಿಲ್ಲ. ಒಂದು ದಿನ ನೋಡಿದರೆ ಒಳಗೆ ಅವರ ಸ್ಕೂಟರ್ ನಿಂತಿದೆ. ಈಗ ಆ ಜಾಗದಲ್ಲಿ ಎಟಿಎಂ. ದುಡ್ಡಿಲ್ಲದೆ ಮುಚ್ಚಿದ್ದಲ್ಲ ಅದು, ಬ್ಯಾಂಕಿನಲ್ಲಿ ಠೇವಣಿ ಇತ್ತು!

ಅದೇ ಬಸವನಗುಡಿಯಲ್ಲಿ ಎರಡು ಜಾಗ ಇನ್ನೂ ಉಸಿರಾಡುತ್ತಿವೆ. ಬಿ.ಪಿ. ವಾಡಿಯಾ ದಂಪತಿ ಕಟ್ಟಿದ ವರ್ಲ್ಡ್ ಕಲ್ಚರ್ ಇನ್‌ಸ್ಟಿಟ್ಯೂಟ್, ಡಿವಿಜಿಯವರ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ಎರಡೂ 1945ರಲ್ಲಿ ಶುರುವಾದವು. 80 ವರ್ಷ ಆಯಿತು. ನನಗೆ ಕಂಡ ಗುಟ್ಟು ಇಷ್ಟೇ: ಸ್ವಂತ ಜಾಗ, ತಪ್ಪದೆ ನಡೆಯುವ ಕಾರ್ಯಕ್ರಮ, ಒಳಗೆ ಬಂದವನನ್ನು ನೀನು ಯಾರು ಅಂತ ಕೇಳದಿರುವುದು. ಮಳೆ ಬಂದರೆ ಹತ್ತು ಜನ ಇರುತ್ತಾರೆ, ಆದರೂ ಉಪನ್ಯಾಸ ನಡೆಯುತ್ತದೆ. ನೀವೂ ಜನ ಬರಲಿ ಬಿಡಲಿ ಹೇಳಿದ ಹೊತ್ತಿಗೆ ಬಾಗಿಲು ತೆಗೆಯಿರಿ. ಬೀಗದ ಕೈ ಮಾತ್ರ ಒಬ್ಬರ ಹತ್ತಿರ ಬಿಡಬೇಡಿ.

ಟೈಲರ್ ಅಕ್ಕ

ತಾತ, ನಿಮ್ಮ ಮಾತು ಸರಿ. ಆದರೆ ಒಂದು ಸಲ ಬಸವನಗುಡಿಯ ಅಂಥದ್ದೇ ಒಂದು ಹಾಲ್‌ಗೆ ಮಗಳ ಜೊತೆ ಬಂದಿದ್ದೆ. ಯಾರೂ ಏನೂ ಅನ್ನಲಿಲ್ಲ. ಆದರೂ ಸೆರಗು ಸರಿ ಮಾಡಿಕೊಂಡು ತುದಿಯಲ್ಲಿ ಕೂತಿದ್ದೆ. ಅಷ್ಟು ನಿಶ್ಶಬ್ದ ಇದ್ದರೆ ನಮಗೆ ಕೆಮ್ಮಲೂ ಭಯ. ನಮ್ಮ ಏರಿಯಾದ ಜಾಗದಲ್ಲಿ ಸ್ವಲ್ಪ ಗದ್ದಲ ಇರಲಿ.

ಗಾಂಧಿಬಜಾರ್ ತಾತ

ಇರಲಿ ತಾಯಿ, ಗದ್ದಲ ಇರಲಿ. ನಮ್ಮ ವಾಚನಾಲಯಕ್ಕೂ ಮಕ್ಕಳ ಗದ್ದಲ ಇದ್ದಷ್ಟು ದಿನ ಆಯಸ್ಸಿತ್ತು.

ಪರದೆ ಎಳೆಯುವವ

ನಾಟಕದವನು ನಾನು, ಜಾಗ ಹುಡುಕಿಕೊಂಡು ಅಲೆದು ಅಲೆದು ಇಷ್ಟು ವರ್ಷ ಕಳೆದಿದ್ದೇನೆ, ಆದ್ದರಿಂದ ದುಡ್ಡಿನ ವಿಷಯ ನನಗೆ ಬಿಡಿ.

ಎಲ್ಲ ಕಡೆ ಮಾಡುವ ತಪ್ಪು ಒಂದೇ. "ಮೊದಲು ಬಾಡಿಗೆ ಬರಲಿ, ಖಾಲಿ ಇದ್ದಾಗ ಪುಕ್ಕಟೆ ಕೊಡೋಣ" ಅನ್ನುತ್ತಾರೆ. ಖಾಲಿ ಅನ್ನುವುದು ಬರುವುದೇ ಇಲ್ಲ. ಶನಿವಾರ ಭಾನುವಾರ ಬರ್ತ್‌ಡೇ ತಿಂದುಹಾಕುತ್ತದೆ, ಸಂಜೆಗಳನ್ನು ಟ್ಯೂಷನ್ ಸೆಂಟರ್‌ನವನು ಇಡೀ ವರ್ಷಕ್ಕೆ ಬುಕ್ ಮಾಡುತ್ತಾನೆ. ನಾವು ಹೋಗಿ ಕೇಳಿದರೆ ಬುಧವಾರ ಬೆಳಗ್ಗೆ 11ಕ್ಕೆ ಬನ್ನಿ ಅನ್ನುತ್ತಾರೆ. ಬುಧವಾರ 11ಕ್ಕೆ ನಾಟಕ ನೋಡಲು ಯಾರು ಬರುತ್ತಾರೆ, ಬೆಕ್ಕಾ? ಆದ್ದರಿಂದ ತಿರುಗಿಸಿ. ಗೋಡೆ ಮೇಲೆ ದೊಡ್ಡ ಕ್ಯಾಲೆಂಡರ್ ಹಾಕಿ, ಟೈಲರ್ ಅಕ್ಕ ಹೇಳಿದ 4ರಿಂದ 7, ಭಾನುವಾರ ಮಧ್ಯಾಹ್ನ, ಇವನ್ನು ಮೊದಲು ಪುಕ್ಕಟೆ ಅಂತ ಬರೆದುಬಿಡಿ. ಎಂಎಲ್ಎ ಬಂದು ಕೇಳಿದರೂ ಆ ಹೊತ್ತು ಬಾಡಿಗೆಗಿಲ್ಲ. ಉಳಿದದ್ದನ್ನು ಮಾರಿ. ಬೆಳಗ್ಗೆ ಯೋಗ ಕ್ಲಾಸಿನವರು, ಶನಿವಾರ ರಾತ್ರಿ ಬರ್ತ್‌ಡೇ, ಯಾರೋ ಕಂಪನಿಯವರ ಮೀಟಿಂಗು.

ಲೆಕ್ಕ ನೋಡಿ. ತಿಂಗಳಿಗೆ ನಾಲ್ಕು ಬಾಡಿಗೆ, ತಲಾ 2,000, ಅಂದರೆ 8,000. ಸಂಘದಲ್ಲಿ ಎಷ್ಟು ಮನೆ? ಅರವತ್ತು ಅಂದುಕೊಳ್ಳಿ. ತಲಾ 100 ಅಂದರೆ 6,000, ಆದರೆ ಅರವತ್ತೂ ಮನೆ ಕೊಡುವುದು ಕನಸು, ನಲವತ್ತು ಕೊಡುತ್ತವೆ. 4,000. ಒಟ್ಟು 12,000. ನಿಮ್ಮ ಖರ್ಚು ಸರಿಹೋಯಿತು. ಬಾಗಿಲಲ್ಲಿ ರಸೀದಿ ಪುಸ್ತಕ ಹಿಡಿದು ಯಾರನ್ನೂ ಕೂರಿಸಬೇಡಿ. ಒಂದು ಡಬ್ಬಿ ಇಡಿ, ಹಾಕಿದವರು ಹಾಕಲಿ. ತಿಂಗಳ ಕೊನೆಗೆ ಲೆಕ್ಕವನ್ನು ಅದೇ ಗೋಡೆಗೆ ಅಂಟಿಸಿ, ಫಿನೈಲ್ ಎಷ್ಟು ಅನ್ನುವ ತನಕ.

ಹೈದರಾಬಾದಿಗೆ ಹೋದರೆ ಬಂಜಾರ ಹಿಲ್ಸ್‌ನಲ್ಲಿ ಲಾಮಕಾನ್ ಅಂತ ಎಲ್ಲರಿಗೂ ತೆರೆದ ಸಾಂಸ್ಕೃತಿಕ ಜಾಗ ಇದೆ, ನೋಡಿಕೊಂಡು ಬನ್ನಿ. 2010ರಿಂದ ನಡೆಯುತ್ತಿದೆ. ಅಷ್ಟು ದುಬಾರಿ ಏರಿಯಾದ ಮಧ್ಯೆ ಒಂದು ಹಳೇ ಮನೆ, ಅಂಗಳದಲ್ಲಿ ಬಂಡೆ, ಕಡಿಮೆ ಬೆಲೆಗೆ ಚಹಾ ಸಮೋಸ. ಒಂದು ಚಹಾ ತೆಗೆದುಕೊಂಡು ಸಂಜೆ ಪೂರ್ತಿ ಕೂತಿರಿ, ಯಾರೂ ಎಬ್ಬಿಸುವುದಿಲ್ಲ. ನಮ್ಮ ಜೆಪಿ ನಗರದ ರಂಗಶಂಕರ ನಾಟಕಮಂದಿರವೂ 2004ರಿಂದ ಸರ್ಕಾರ ಕೊಟ್ಟ ಜಾಗದಲ್ಲೇ ನಡೆಯುತ್ತಿರುವುದು. ನೆಲದ ಬಾಡಿಗೆ ಮಾರ್ಕೆಟ್ ರೇಟಿನಲ್ಲಿ ಕಟ್ಟಬೇಕಾಗಿದ್ದರೆ ಟಿಕೆಟ್ ಯಾರಿಗೆ ಎಟುಕುತ್ತಿತ್ತು? ನೆಲ ನಿಮ್ಮ ಕೈಯಲ್ಲಿ ಆಗಲೇ ಇದೆ. ಕಷ್ಟದ ಅರ್ಧ ನಿಮ್ಮಪ್ಪನವರ ಕಾಲದವರೇ ಮುಗಿಸಿ ಹೋಗಿದ್ದಾರೆ.

ಖಾರಾಬಾತ್

ಎಲ್ಲ ಸರಿ, ಆ 4 ಲಕ್ಷ 50 ಸಾವಿರ ಅಡ್ವಾನ್ಸ್ ಬಂದರೆ ರ‍್ಯಾಂಪು, ಟಾಯ್ಲೆಟ್ಟು ಎಲ್ಲ ಅದರಲ್ಲೇ ಆಗುತ್ತದಲ್ಲ? ಮೂರು ವರ್ಷ ಪಿಜಿ, ಆಮೇಲೆ ಖಾಲಿ ಮಾಡಿಸಿ ಹಾಲ್ ಮಾಡಿ.

ಕಡತಪ್ರಿಯ

ಖಾರಾಬಾತ್ ಅವರೇ, ಅಡ್ವಾನ್ಸ್ ಅಂದರೆ ಸಾಲ. ಅದರಲ್ಲಿ ರ‍್ಯಾಂಪ್ ಕಟ್ಟಿದ ಮೇಲೆ ಖಾಲಿ ಮಾಡಿಸುವಾಗ ನಾಲ್ಕೂವರೆ ಲಕ್ಷ ಎಲ್ಲಿಂದ ತರುತ್ತೀರಿ? ತರಲಾಗದೆ ಇನ್ನೂ ಮೂರು ವರ್ಷ ಅನ್ನುತ್ತೀರಿ. ಪಾರ್ಟಿಷನ್ ಹಾಕಿದ ಮೇಲೆ ಅದು ಹಾಲ್ ಆಗಿಯೂ ಉಳಿಯುವುದಿಲ್ಲ. ಜೊತೆಗೆ ಇಪ್ಪತ್ತು ಇಪ್ಪತ್ತೈದು ಹುಡುಗರು ಸ್ನಾನ ಮಾಡುವಷ್ಟು ನೀರು ಆ ಸಂಪಿನಲ್ಲಿ ಇದೆಯಾ, ಅದನ್ನೂ ಕೇಳಿ.

ಇನ್ನೊಂದು ದಾರಿ ಇದೆ. ಆಸ್ತಿ ತೆರಿಗೆ ಜೊತೆ ನಾವೆಲ್ಲ ಸೆಸ್ ಕಟ್ಟುತ್ತೇವೆ, ಅದರಲ್ಲಿ ಗ್ರಂಥಾಲಯದ ಸೆಸ್ಸೂ ಇದೆ, ತೆರಿಗೆಯ 6%. 1965ರ ಕಾಯ್ದೆಯಿಂದ ಬಂದದ್ದು. ನೀವೂ ಕಟ್ಟಿದ್ದೀರಿ, ನಿಮ್ಮ ಪಕ್ಕದವರೂ ಕಟ್ಟಿದ್ದಾರೆ. ಒಂದು ಮೂಲೆ ಬಿಟ್ಟುಕೊಡುತ್ತೇವೆ, ಪೇಪರು ಪುಸ್ತಕ ಕೊಡಿ ಅಂತ ಗ್ರಂಥಾಲಯ ಇಲಾಖೆಗೆ ಅರ್ಜಿ ಹಾಕಿ. ಸಿಕ್ಕರೆ ಲಾಭ, ಸಿಗದಿದ್ದರೆ ಅರ್ಜಿ ಖರ್ಚು ಮಾತ್ರ. ಕಾರ್ಪೊರೇಟರ್ ಹತ್ತಿರ ಹೋಗಿ ಅಂತ ಹೇಳಬಹುದಿತ್ತು, 2020ರ ಸೆಪ್ಟೆಂಬರ್‌ನಲ್ಲಿ ಅವರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಎಂಎಲ್ಎ ಅನುದಾನ ಕೇಳಬಹುದು. ಬಂದರೆ ಬೋರ್ಡಿನಲ್ಲಿ ಕಟ್ಟಡದ ಹೆಸರಿಗಿಂತ ದೊಡ್ಡ ಫೋಟೋ ಬರುತ್ತದೆ, ಅದಕ್ಕೆ ತಯಾರಿರಿ.

ಬಿರಿಯಾನಿ ಭಾನುವಾರ

ಎಲ್ಲರೂ ರ‍್ಯಾಂಪು, ಟಾಯ್ಲೆಟ್ಟು, ದುಡ್ಡು ಅಂತಿದ್ದೀರಿ. ನಾನು ಸ್ವಲ್ಪ ಕಸಿವಿಸಿ ಆಗುವ ವಿಷಯ ಹೇಳುತ್ತೇನೆ.

ನಮ್ಮ ಏರಿಯಾದಲ್ಲೂ ಇಂಥ ಹಾಲ್ ಇದೆ. ತಮ್ಮನ ಮಗಳ ಬರ್ತ್‌ಡೇಗೆ ಕೇಳಲು ಹೋದೆ. ಆಗಲಿ ಅಂದರು, ರೇಟ್ ಹೇಳಿದರು, ಹೆಸರು ಬರೆದುಕೊಂಡರು. ಹೆಸರು ಕೇಳಿದ ಮೇಲೆ "ನಾನ್‌ವೆಜ್ ನಡೆಯುವುದಿಲ್ಲ, ಗೊತ್ತಲ್ವಾ" ಅಂದರು. ನಾನು ಕೇಳಿರಲೇ ಇಲ್ಲ, ಪಫ್ಸ್ ಕೇಕ್ ಅಂತ ಅಂದುಕೊಂಡಿದ್ದೆ. ಜಗಳ ಏನೂ ಆಗಲಿಲ್ಲ. ಸುಮ್ನೆ ಬಂದೆ, ಟೆರೇಸ್ ಮೇಲೆ ಶಾಮಿಯಾನ ಹಾಕಿ ಮಾಡಿದೆವು. ಇಂಥದ್ದು ಯಾವ ಬೈಲಾದಲ್ಲೂ ಬರೆದಿರುವುದಿಲ್ಲ.

ನಿಮ್ಮ ಸಂಘದಲ್ಲಿ ಗಣೇಶನ ಹಬ್ಬ ಮಾಡುತ್ತೀರಿ, ಮಾಡಿ, ನಾವೂ ಚಂದಾ ಕೊಡುತ್ತೇವೆ, ಮೆರವಣಿಗೆಯಲ್ಲಿ ಕುಣಿದೂ ಇದ್ದೇವೆ. ಹಾಲ್‌ನಲ್ಲಿ ದಿನಾ ಪೂಜೆ ಶುರು ಮಾಡಿದರೆ ಮಾತ್ರ ಕಷ್ಟ. ಆಗ ಕೆಲವರಿಗೆ ಅದು ಬೇರೆಯವರ ಮನೆ ಅನ್ನಿಸುತ್ತದೆ. ಚಪ್ಪಲಿ ಎಲ್ಲಿ ಬಿಡಬೇಕು, ಮೊಟ್ಟೆ ತರಬಹುದಾ, ಮೈಲಿಗೆಯಾ, ಹೀಗೆ ಪ್ರತಿಯೊಂದಕ್ಕೂ ಮನಸ್ಸಿನಲ್ಲೇ ಕೇಳಿಕೊಂಡು ಒಳಗೆ ಬರಬೇಕು. ಇದು ನಮಗೆ ಮಾತ್ರ ಅಲ್ಲ, ನಿಮ್ಮ ಬೀದಿಯ ಬಾಡಿಗೆಯವರಲ್ಲಿ ಎಷ್ಟೋ ಜನಕ್ಕೆ ಹಾಗೇ. ಅಡುಗೆ ಮಾಡಲು ಜಾಗ ಕೊಡಬೇಡಿ, ಅದು ಸರಿ, ಎಲ್ಲರಿಗೂ ಒಂದೇ ನಿಯಮ ಆಗುತ್ತದೆ. ಹೊರಗಿಂದ ತಂದ ಊಟ ಯಾವುದಾದರೂ ತಿನ್ನಬಹುದು, ಎಲೆ ಎತ್ತಿ ಒರೆಸಿ ಹೋಗಬೇಕು ಅಂತ ಬರೆದುಬಿಡಿ. ಬಾಯಿ ಮಾತಲ್ಲಿ ಬಿಟ್ಟರೆ ಬೀಗದ ಕೈ ಯಾರ ಹತ್ತಿರ ಇದೆಯೋ ಅವರ ಮನೆಯ ಅಡುಗೆಯೇ ನಿಯಮ ಆಗುತ್ತದೆ.

ಪರದೆ ಎಳೆಯುವವ

ಮೇಲಿನ ಮಾತಿಗೆ ಚಪ್ಪಾಳೆ. ಬೋರ್ಡಿನ ವಿಷಯವೂ ಸೇರಿಸಿ. ಬೋರ್ಡು ಕನ್ನಡದಲ್ಲೇ ಇರಲಿ, ದೊಡ್ಡದಾಗಿ. ಆದರೆ ಒಡಿಶಾದ ಹುಡುಗನಿಗೂ ಗೊತ್ತಾಗುವ ಹಾಗೆ ಗಡಿಯಾರದ ಚಿತ್ರ ಬರೆದು 4-7 ಅಂತ ತೋರಿಸಿ. ವಾರಕ್ಕೆ ಎರಡು ರಾತ್ರಿ ಅಲ್ಲೇ ಕನ್ನಡ ಕಲಿಸಿ. ಅವರು ಕನ್ನಡ ಕಲಿಯಲ್ಲ ಅಂತ ಬೈಯುತ್ತೇವೆ, ಕಲಿಯಲು ಒಂದು ಬೆಂಚು ಕೊಟ್ಟಿದ್ದೇವಾ?

ಹೊಂಗಸಂದ್ರದವನು

ಸಭೆ ಮುಗಿಯಿತು. ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ, ಗಂಟಲು ಹೋಗಿದೆ.

ಮೊದಲನೇ ಸುದ್ದಿ, ಪಿಜಿಗೆ ಇಲ್ಲ ಅಂತ ಆಗಿಲ್ಲ. ಮೂರು ತಿಂಗಳು ನೋಡೋಣ, ನಡೆಸಿ ತೋರಿಸಿ, ಇಲ್ಲದಿದ್ದರೆ ಕೊಡುತ್ತೇವೆ ಅಂದಿದ್ದಾರೆ. ಕಡತಪ್ರಿಯ ಸರ್ ಹೇಳಿದ ಅಡ್ವಾನ್ಸ್ ಪಾಯಿಂಟ್ ಹೇಳಿದಾಗ ಕುಣಿಯುತ್ತಿದ್ದವರಲ್ಲಿ ಇಬ್ಬರು ಸುಮ್ಮನಾದರು. ನೀರಿನ ಮಾತಿಗೆ ಇನ್ನೊಬ್ಬರು. ಟೈಲರ್ ಅಕ್ಕ ಬರೆದದ್ದನ್ನು ಹಾಗೇ ಓದಿ ಹೇಳಿದೆ. ಕೊರಳಲ್ಲಿ ಬೀಗದ ಕೈ ಅನ್ನುವಲ್ಲಿ ನಮ್ಮ ಖಜಾಂಚಿ ಹೆಂಡತಿ ಎದ್ದು ನಿಂತು, ನಮ್ಮ ಕೆಳಗಿನ ಬಾಡಿಗೆ ಮನೆಯ ಮಗು ಹಾಗೇ ಇದೆ, ನಾಲ್ಕು ವರ್ಷದಿಂದ ನೋಡುತ್ತಿದ್ದೇನೆ ಅಂದರು. ಗಂಡ ಅವರ ಮುಖ ನೋಡಿದರು. 4ರಿಂದ 7 ಪಾಸಾಯಿತು.

ಆಫೀಸು ಮೇಲೆ, ಹಾಲ್ ಕೆಳಗೆ ಅನ್ನುವುದಕ್ಕೆ ಭಾರಿ ಗಲಾಟೆ. ಅಧ್ಯಕ್ಷರಿಗೆ 72 ವರ್ಷ, "ನನ್ನನ್ನು ಮೆಟ್ಟಿಲು ಹತ್ತಿಸುತ್ತೀರೇನೋ" ಅಂದರು. ಎರಡು ಚಕ್ರ ಅವರೇ, ನಾನು ನಿಮ್ಮ ಅಮ್ಮನ ಮಂಡಿ ನೋವು ನೆನೆಸಿಕೊಂಡು, ಸಭೆಯನ್ನೂ ಕೆಳಗಿನ ಹಾಲಿನಲ್ಲೇ ಮಾಡೋಣ ಸರ್, ಮೇಲೆ ಬರೀ ಬೀರು ಇರಲಿ ಅಂದೆ. ಅದಕ್ಕೆ ಒಪ್ಪಿದರು. ಹೊರಗೆ ಟೇಪ್ ಹಿಡಿದು ಅಳೆದೆ, ಪಾಯ ಒಂದೂಮುಕ್ಕಾಲು ಅಡಿ, ಅಂದರೆ 21 ಅಡಿ ರ‍್ಯಾಂಪ್. ಪಕ್ಕದಲ್ಲಿ ತಿರುಗಿಸಿದರೆ ಸಿಗುತ್ತದೆ.

ಬೈಲಾ ತಿದ್ದುವುದು ಆಗಲಿಲ್ಲ. ಬಾಡಿಗೆಯವರಿಗೆ ಸದಸ್ಯತ್ವ ಅಂದ ಕೂಡಲೇ "ನಾಳೆ ಸೈಟೇ ಅವರದು ಅಂತಾರೆ" ಅಂತ ಕೂಗಾಟ. ಆಮೇಲೆ ನೋಡೋಣ. ಸದ್ಯಕ್ಕೆ ಹಾಲ್ ನೋಡಿಕೊಳ್ಳಲು ಐದು ಜನರ ಗುಂಪು, ಅದರಲ್ಲಿ ಮೂರು ಜನ ಬಾಡಿಗೆಯವರು, ಅಷ್ಟಕ್ಕೆ ಒಪ್ಪಿಸಿದ್ದೇವೆ. ಊಟದ ನಿಯಮ ಬರೆದು ಅಂಟಿಸುವುದು ಆ ಗುಂಪಿನ ಮೊದಲ ಕೆಲಸ. ಅಲ್ಲಿ ಇನ್ನೊಂದು ಗಲಾಟೆ ಕಾದಿದೆ, ನನಗೆ ಗೊತ್ತು. ಬೀಗದ ಕೈ ಮೂರು ಮಾಡಿಸಿದ್ದೇವೆ. ಒಂದು ಸಂಘದಲ್ಲಿ, ಒಂದು ಖಜಾಂಚಿ ಹೆಂಡತಿ ಹತ್ತಿರ, ಒಂದು ಎದುರಿನ ವಠಾರದಲ್ಲಿರುವ ಒಬ್ಬರು ಅಜ್ಜಿ ಹತ್ತಿರ. ಅಜ್ಜಿ ಸೊಂಟಕ್ಕೆ ಸಿಕ್ಕಿಸಿಕೊಂಡು ಆಗಲೇ ಎರಡು ಸಲ ಬಾಗಿಲು ತೆಗೆದು ನೋಡಿದ್ದಾರೆ.

@ಖಾರಾಬಾತ್, ಕೇರಂ ಸ್ಟ್ರೈಕರ್ ಈಗಲೇ ಕಳೆದುಹೋಗಿದೆ. ನೀವು ಗೆದ್ದಿರಿ.

ಈ ಭಾನುವಾರ ಬೆಳಗ್ಗೆ 9ಕ್ಕೆ ಸಾಮಾನು ಮೇಲೆ ಸಾಗಿಸುತ್ತೇವೆ. ಹತ್ತಿರದಲ್ಲಿ ಇರುವವರು ಬನ್ನಿ, ಬೀರು ಎರಡೂ ಸ್ಟೀಲಿನವು, ನಾಲ್ಕು ಜನ ಸಾಲುವುದಿಲ್ಲ. ಟಾಯ್ಲೆಟ್ ಬಾಗಿಲಿಗೆ ಒಳ್ಳೆ ಚಿಲಕ ಬೇಕು, ಕಡಿಮೆ ರೇಟಿಗೆ ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದರೆ ಹೇಳಿ.

ಟೈಲರ್ ಅಕ್ಕ

ಚಿಲಕ ನಾನು ತರುತ್ತೇನೆ. ಮಗಳನ್ನೂ ಕರೆದುಕೊಂಡು ಬರುತ್ತೇನೆ, ಅವಳಿಗೆ ಡ್ರಿಲ್ ಹಿಡಿಯಲು ಬರುತ್ತದೆ.